ಗೋಣಿಚೀಲದ ಎಣ್ಣೆ ಸಿಕ್ಕಿಬಿದ್ದ ಕಥೆ

ನಮ್ಮೂರು ಗೋಣಿಬೀಡು, ಹೆಸರಲ್ಲೇ ಗೋಣಿ ಇದೆ. ಗೋಣಿ ಅಂದ್ರೆ ಮರವೂ ಹೌದು, ಚೀಲವೂ ಹೌದು. ಇವತ್ತಿನ ಕಂತು ಚೀಲದ್ದು.

ಸೆಣಬಿನ ನಾರು ಒರಟು. ಎಣ್ಣೆ, ನೀರು ಹಾಕಿ ಮೆತ್ತಗೆ ಮಾಡದೆ ಯಂತ್ರದಲ್ಲಿ ನೂಲೋಕೆ ಬರಲ್ಲ. 1830ರ ದಶಕದಲ್ಲಿ ಸ್ಕಾಟ್ಲೆಂಡಿನ ಡಂಡಿ ಊರಿನ ಮಿಲ್ಲಿನವರು ಇದಕ್ಕೆ ತಿಮಿಂಗಿಲದ ಎಣ್ಣೆ ಬಳಸಿದ್ರು. ಆಮೇಲೆ ಪೆಟ್ರೋಲಿಯಂನಿಂದ ತೆಗೆದ ಖನಿಜ ಎಣ್ಣೆ ಬಂತು. ಕಾಫಿ, ಕೋಕೋ, ಅಕ್ಕಿ ಎಲ್ಲ ಅಂಥ ಚೀಲಗಳಲ್ಲೇ ಹಡಗು ಹತ್ತಿದವು.

1991ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೊನ್ರಾಡ್ ಗ್ರೋಬ್ ಮತ್ತು ಜೊತೆಗಾರರು ಹೇಜಲ್‌ನಟ್, ಚಾಕೊಲೇಟ್‌ಗಳಲ್ಲಿ ಖನಿಜ ಎಣ್ಣೆ ಪತ್ತೆ ಮಾಡಿದ್ರು. ಬಂದದ್ದು ಎಲ್ಲಿಂದ? ಚೀಲದಿಂದ!

ಪತ್ತೆ ಹೇಗೆ? ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಅನ್ನೋ ಯಂತ್ರ ಮಿಶ್ರಣದ ಒಂದೊಂದೇ ವಸ್ತುವನ್ನ ಬೇರ್ಪಡಿಸಿ ಗೆರೆ ಬರೆಯುತ್ತೆ. ಒಂದೇ ವಸ್ತು ಇದ್ರೆ ಚೂಪು ಶಿಖರ. ಖನಿಜ ಎಣ್ಣೆಯಲ್ಲಿ ಸಾವಿರಾರು ಹೈಡ್ರೋಕಾರ್ಬನ್‌ಗಳು ಬೆರೆತಿರೋದ್ರಿಂದ ಶಿಖರಗಳು ಒಂದರ ಮೇಲೊಂದು ಬಿದ್ದು ಅಗಲವಾದ ಗುಡ್ಡ ಮೂಡುತ್ತೆ. ಆ ಗುಡ್ಡವೇ ಕಳ್ಳನ ಹೆಜ್ಜೆಗುರುತು.

1998ರಲ್ಲಿ ಅಂತರರಾಷ್ಟ್ರೀಯ ಸೆಣಬು ಸಂಸ್ಥೆ ಆಹಾರ ತುಂಬುವ ಚೀಲಕ್ಕೆ ಮಾನದಂಡ ತಂತು. ಅದರ ಹಿಂದಿರೋದು ನಮ್ಮ ಹೈಸ್ಕೂಲ್ ರಸಾಯನಶಾಸ್ತ್ರವೇ. ಸಸ್ಯದ ಎಣ್ಣೆಯನ್ನ ಕ್ಷಾರದ ಜೊತೆ ಕಾಯಿಸಿದ್ರೆ ಸಾಬೂನಾಗುತ್ತೆ, ಖನಿಜ ಎಣ್ಣೆ ಆಗಲ್ಲ. ಹಾಗೆ ಸಾಬೂನಾಗದೆ ಉಳಿದದ್ದು ಒಂದು ಕಿಲೋ ಚೀಲಕ್ಕೆ 1250 ಮಿಲಿಗ್ರಾಂ ದಾಟಬಾರದು. ಸಸ್ಯದ ಎಣ್ಣೆಯಲ್ಲೂ ಸಾಬೂನಾಗದ ಅಂಶ ಸ್ವಲ್ಪ ಇರೋದ್ರಿಂದ ಮಿತಿ ಸೊನ್ನೆ ಅಲ್ಲ. ಈಗ ನಮ್ಮ ದೇಶದ ಮಿಲ್ಲುಗಳು ಆಹಾರದ ಚೀಲಕ್ಕೆ ಅಕ್ಕಿ ತೌಡಿನ ಎಣ್ಣೆ ಬಳಸ್ತವೆ.

ಇಷ್ಟೆಲ್ಲ ಯಾಕೆ? ಖನಿಜ ಎಣ್ಣೆಯ ಕೆಲವು ಅಂಶಗಳು ಕ್ಯಾನ್ಸರ್‌ಗೆ ಕಾರಣವಾಗಬಹುದು ಅಂತ 2012ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಎಚ್ಚರಿಸಿತು. ಅದು ನಿಧಾನದ ಅಪಾಯ. ಕ್ರಿಮಿನಾಶಕದ್ದು ಹಾಗಲ್ಲ. 1958ರಲ್ಲಿ ಪಕ್ಕದ ಕೇರಳದಲ್ಲಿ ಪ್ಯಾರಥಿಯಾನ್ ಸೇರಿದ್ದ ಗೋಧಿಹಿಟ್ಟು ತಿಂದು 100ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಪರೀಕ್ಷೆ ನಡೆದದ್ದು ಸಾವಿನ ನಂತರ. ಹತ್ತು ವರ್ಷದ ಮೇಲೆ, 1968ರಲ್ಲಿ, ದೇಶಕ್ಕೆ ಕೀಟನಾಶಕ ಕಾಯ್ದೆ ಬಂತು.

ನಮ್ಮ ಕಣದಲ್ಲಿ ಗುಡ್ಡ ಬರೆಯೋ ಯಂತ್ರ ಇಲ್ಲ. ಗೊಬ್ಬರದ ಚೀಲ, ಔಷಧಿ ಡಬ್ಬದ ಪಕ್ಕ ಇಟ್ಟಿದ್ದ ಚೀಲ ಒಗೆದ್ರೂ, ಬಿಸಿಲಿಗೆ ಹಾಕಿದ್ರೂ ಒಳಗೆ ಏನು ಉಳಿದಿದೆ ಅಂತ ಕಣ್ಣಿಗೆ ಕಾಣಲ್ಲ. ಅದಕ್ಕೇ ಕಾಫಿಗೆ, ಮೆಣಸಿಗೆ, ಅಕ್ಕಿಗೆ ಬೇರೆ ಚೀಲ ಇರ್ಲಿ ಮಾರಾಯ್ರೆ.

ನಿಮ್ಮನೇಲಿ ಚೀಲ ಬೇರೆ ಬೇರೆ ಇಡ್ತೀರಾ? ಕಾಮೆಂಟಲ್ಲಿ ಹೇಳಿ.

#ಗೋಣಿಬೀಡು #ಕಾಫಿನಾಡು #ಚೀಲದಚರಿತ್ರೆ