ಜವಾಬಿ ಕಾರ್ಡಿನಿಂದ ಮರುಕರೆಯವರೆಗೆ

ಸಾಲಿಗ್ರಾಮದ ಒಂದು ಸೈಬರ್ ಅಂಗಡಿಯಲ್ಲಿ ನಾವು ಜೆರಾಕ್ಸ್ ಮಾಡಿಸಲು ಕಾದು ನಿಂತಿದ್ದೆವು. ನಮ್ಮ ಮುಂದೆ ಒಬ್ಬ ವೃದ್ಧೆ ಮೊಮ್ಮಗಳ ವಿದ್ಯಾರ್ಥಿವೇತನದ ಅರ್ಜಿ ತುಂಬಿಸುತ್ತಿದ್ದರು. ಅಂಗಡಿಯ ಹುಡುಗ ಜಿಲ್ಲೆ ಆರಿಸಿದ, ತಾಲ್ಲೂಕು ಆರಿಸಿದ. ಗ್ರಾಮಗಳ ಪಟ್ಟಿ ಮಾತ್ರ ಖಾಲಿಯಾಗಿಯೇ ಉಳಿಯಿತು. ಅವನು ಮತ್ತೆ ಮತ್ತೆ ಒತ್ತಿದ.

"ಅದಕ್ಕೆ ಕೇಳಿಸ್ತಾ, ಬೇಟಾ?" ಎಂದರು ಆಕೆ.

"ಗೊತ್ತಾಗ್ತಿಲ್ಲ ನಾನಿ, ಸುಮ್ನೆ ಕೂತಿದೆ" ಎಂದ ಹುಡುಗ.

ಅರ್ಜಿಯ ಕೊನೆಯ ದಿನ ಹತ್ತಿರವಾಗಿತ್ತು. ಆ ಮುದುಕಿಯ ಪ್ರಶ್ನೆ ನಮ್ಮನ್ನು ಬಹಳ ದಿನ ಕಾಡಿತು. ಪರದೆಯ ಮೇಲಿನ ಪುಟ ನಮ್ಮ ಮಾತನ್ನು ಕೇಳಿಸಿಕೊಳ್ಳುವುದು ಹೇಗೆ? ಕೇಳಿಸಿಕೊಂಡೂ ಸುಮ್ಮನಿರುವುದು ಏಕೆ? ಇದಕ್ಕೊಂದು ಚರಿತ್ರೆಯಿದೆ.

ಹಿಂದುಸ್ತಾನದಲ್ಲಿ ಪೋಸ್ಟ್ ಕಾರ್ಡ್ ಬಂದದ್ದು 1879ರಲ್ಲಿ, ಬೆಲೆ ಕಾಲಾಣೆ. ಮುಂದೆ ಜವಾಬಿ ಕಾರ್ಡ್ ಎಂಬುದೂ ಬಂತು. ಒಂದಕ್ಕೊಂದು ಅಂಟಿಕೊಂಡ ಎರಡು ಕಾರ್ಡುಗಳು; ಒಂದರಲ್ಲಿ ನಮ್ಮ ಪ್ರಶ್ನೆ, ಇನ್ನೊಂದು ಉತ್ತರಕ್ಕೆ. ಉತ್ತರದ ಕಾರ್ಡಿನ ಮೇಲೆ ನಮ್ಮ ವಿಳಾಸವನ್ನು ನಾವೇ ಬರೆದಿರುತ್ತೇವೆ. ಕಾರ್ಡನ್ನು ಡಬ್ಬಕ್ಕೆ ಹಾಕಿದವನು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಉತ್ತರ ಬರುವ ತನಕ ಕೂರುವುದಿಲ್ಲ. ಗದ್ದೆಗೆ ಹೋಗುತ್ತಾನೆ, ಸಂತೆಗೆ ಹೋಗುತ್ತಾನೆ. ಜವಾಬು ಬಂದ ದಿನ ಅದಕ್ಕೆ ತಕ್ಕ ಕೆಲಸ ಮಾಡುತ್ತಾನೆ. ಇಂದಿನ ಅಂತರ್ಜಾಲದ ಪುಟಗಳು ನಡೆಯುವುದು ಈ ಕ್ರಮದಲ್ಲೇ.

ಮೊದಲು ಹೀಗಿರಲಿಲ್ಲ. 1989ರಲ್ಲಿ ಟಿಮ್ ಬರ್ನರ್ಸ್-ಲೀ ರೂಪಿಸಿದ ವೆಬ್‌ನಲ್ಲಿ ಪ್ರತಿ ಕೋರಿಕೆಗೂ ಪೂರ್ತಿ ಪುಟವೇ ಹೊಸದಾಗಿ ಬರಬೇಕಿತ್ತು. ಒಂದು ಹೆಸರು ತಿದ್ದಿದರೂ ಪರದೆ ಬೆಳ್ಳಗಾಗಿ, ಎಲ್ಲವೂ ಮೊದಲಿಂದ ಇಳಿಯಬೇಕು. ಫೋನ್ ತಂತಿಯ ಸಂಪರ್ಕದ ಕಾಲದಲ್ಲಿ ಒಂದು ಪುಟಕ್ಕೆ ಕಾಯುವುದರಲ್ಲಿ ಚಹಾ ಕುಡಿದು ಮುಗಿಯುತ್ತಿತ್ತು. ಪುಟದೊಳಗೇ ಸಣ್ಣಪುಟ್ಟ ಕೆಲಸ ಮಾಡಬಲ್ಲ ಜಾವಾಸ್ಕ್ರಿಪ್ಟ್ ಭಾಷೆಯನ್ನು ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ 1995ರಲ್ಲಿ ರೂಪಿಸಿದರು. ಆದರೆ ಪುಟವನ್ನು ಬದಲಿಸದೆ ದೂರದ ಸರ್ವರನ್ನು ವಿಚಾರಿಸಿ ಬರುವ ಸುಲಭ ದಾರಿ ಅದಕ್ಕೂ ಇರಲಿಲ್ಲ.

ಆ ದಾರಿ ತೆರೆದದ್ದು ಮೈಕ್ರೋಸಾಫ್ಟ್‌ನಲ್ಲಿ. ಬ್ರೌಸರಿನಲ್ಲೇ ಇ-ಮೇಲ್ ಓದುವ ಸೌಲಭ್ಯಕ್ಕಾಗಿ ಅಲ್ಲಿಯ ತಂಡವೊಂದು ಸಿದ್ಧಪಡಿಸಿದ ಉಪಕರಣವನ್ನು 1999ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಬಿಡುಗಡೆ ಮಾಡಿದರು. ಬೇರೆ ಬ್ರೌಸರುಗಳೂ ಅದನ್ನು ಅಳವಡಿಸಿಕೊಂಡವು. 2004ರ ಏಪ್ರಿಲ್‌ನಲ್ಲಿ ಜಿಮೇಲ್, 2005ರ ಫೆಬ್ರವರಿಯಲ್ಲಿ ಗೂಗಲ್ ಮ್ಯಾಪ್ಸ್ ಬಂದಾಗ ಜನ ಬೆರಗಾದರು. ನಕ್ಷೆಯನ್ನು ಬೆರಳಿನಿಂದ ಎಳೆದಂತೆ ಎಳೆದರೆ ಮುಂದಿನ ತುಂಡು ತಾನಾಗಿ ಬಂದು ಕೂರುತ್ತಿತ್ತು. ಅದೇ ಫೆಬ್ರವರಿ 18ರಂದು ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬವರು ತಮ್ಮ ಲೇಖನದಲ್ಲಿ ಈ ಪದ್ಧತಿಯನ್ನು 'ಅಜಾಕ್ಸ್' ಎಂದು ಕರೆದರು. ಹೆಸರು ನಿಂತಿತು.

ಇದರ ಜೀವಾಳ ಕಾಲ್‌ಬ್ಯಾಕ್. ನಾವು ಮರುಕರೆ ಎನ್ನೋಣ. ಜಾವಾಸ್ಕ್ರಿಪ್ಟ್ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುವ ಆಳು. ಉತ್ತರಕ್ಕಾಗಿ ಅದು ಕಾಯುತ್ತಾ ನಿಂತರೆ ಇಡೀ ಪುಟವೇ ಕಲ್ಲಾಗುತ್ತದೆ. ಆದ್ದರಿಂದ ಕೋರಿಕೆ ಕಳಿಸುವಾಗಲೇ "ಜವಾಬು ಬಂದರೆ ಇದನ್ನು ಮಾಡು" ಎಂಬ ಆಜ್ಞೆಗಳ ಒಂದು ಗಂಟನ್ನು ಕಟ್ಟಿಕೊಟ್ಟು ಅದು ಬೇರೆ ಕೆಲಸಕ್ಕೆ ಹೋಗುತ್ತದೆ. ಜವಾಬು ಬಂದಾಗ ಆ ಗಂಟು ಸರದಿಯಲ್ಲಿ ನಿಲ್ಲುತ್ತದೆ. ಕೈಯಲ್ಲಿರುವ ಕೆಲಸ ಮುಗಿದು ಸರದಿ ಬಂದೊಡನೆ ಬಿಚ್ಚಿಕೊಂಡು, ಪುಟದಲ್ಲಿ ಬೇಕಾದಷ್ಟು ಭಾಗವನ್ನು ಮಾತ್ರ ಬದಲಿಸುತ್ತದೆ.

ಕನ್ನಡಕ್ಕೂ ಇದರಿಂದ ಲಾಭವಾಯಿತು. 2007ರ ಸುಮಾರಿಗೆ ಬಂದ ಗೂಗಲ್ ಲಿಪ್ಯಂತರ ಸೇವೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಪದ ಹೊಡೆದು ಜಾಗ ಬಿಟ್ಟರೆ ಸಾಕು, ಅಲ್ಲೇ ಕನ್ನಡ ಪದ ಮೂಡುತ್ತಿತ್ತು. ಮುಂದೆ ಉರ್ದುವಿಗೂ ಈ ಸೌಲಭ್ಯ ದೊರೆಯಿತು. ಎರಡೂ ಭಾಷೆಗಳಲ್ಲಿ ಓದಿ, ಒಂದರ ಕೀಲಿಮಣೆಯನ್ನೂ ಕಲಿಯದ ನಮ್ಮಂಥವರಿಗೆ ಅದು ದೊಡ್ಡ ಉಪಕಾರ.

ಇನ್ನು ಸರಕಾರದ ಪುಟಗಳು. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಪಹಣಿಗಳನ್ನು 'ಭೂಮಿ' ಯೋಜನೆ ಈ ಶತಮಾನದ ಆರಂಭದಲ್ಲಿ ಕಂಪ್ಯೂಟರಿಗೆ ಏರಿಸಿತು. 67 ಲಕ್ಷ ರೈತರ 2 ಕೋಟಿ ದಾಖಲೆಗಳು ಅವು. ರೈತ 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯಲ್ಲಿ ಪಹಣಿ ಪಡೆಯತೊಡಗಿದ. ಕ್ರಮೇಣ ಪಹಣಿ, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನ ಎಲ್ಲವೂ ಅಂತರ್ಜಾಲಕ್ಕೆ ಬಂದವು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ: ಒಂದನ್ನು ಆರಿಸಿದ ಮೇಲೆ ಮುಂದಿನ ಪಟ್ಟಿ ಸರ್ವರಿನಿಂದ ಬರಬೇಕು.

ತೊಂದರೆ ಇರುವುದು ಇಲ್ಲಿಯೇ. ಪುಟ ಬರೆಯುವವರು ಜವಾಬು ಬಂದರೆ ಏನು ಮಾಡಬೇಕೆಂದು ಬರೆಯುತ್ತಾರೆ. ಬಾರದಿದ್ದರೆ? ಅದನ್ನು ಬರೆಯಲು ಅನೇಕರು ಮರೆಯುತ್ತಾರೆ. ಆಗ ಪುಟ ಮೌನವಾಗುತ್ತದೆ. ಇನ್ನೊಂದು ಆಪತ್ತೂ ಉಂಟು. ಹುಡುಗ ಕೈತಪ್ಪಿ ಹುಣಸೂರು ಒತ್ತಿ, ಕೂಡಲೇ ತಿದ್ದಿ ಸಾಲಿಗ್ರಾಮ ಒತ್ತಿದ ಎನ್ನಿ. ಎರಡು ಕೋರಿಕೆಗಳು ಹೋದವು. ಮೊದಲು ಹೋದದ್ದು ಮೊದಲೇ ಮರಳಬೇಕೆಂಬ ನಿಯಮವಿಲ್ಲ. ಹುಣಸೂರಿನ ಜವಾಬು ತಡವಾಗಿ ಬಂದರೆ ಸಾಲಿಗ್ರಾಮದ ಹೆಸರಿನ ಕೆಳಗೆ ಹುಣಸೂರಿನ ಹಳ್ಳಿಗಳು ಬಂದು ಕೂರುತ್ತವೆ! ಅರ್ಜಿ ತಿರಸ್ಕೃತವಾದರೆ ಬಯ್ಗುಳ ಹುಡುಗನಿಗೆ, ನಷ್ಟ ಮೊಮ್ಮಗಳಿಗೆ.

ಇವಕ್ಕೆ ಪರಿಹಾರ ಇಲ್ಲವೆಂದಲ್ಲ. ಕೋರಿಕೆಗೆ ಕ್ರಮಸಂಖ್ಯೆ ಕೊಟ್ಟು ಹಳೆಯ ಜವಾಬನ್ನು ತಳ್ಳಿಹಾಕಬಹುದು. ಕಾಯುವುದಕ್ಕೊಂದು ಗಡುವು ಇಡಬಹುದು. "ತರುತ್ತಿದ್ದೇವೆ" ಎಂದೋ, "ಸಂಪರ್ಕ ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ" ಎಂದೋ ಕನ್ನಡದಲ್ಲಿ ಒಂದು ಸಾಲು ತೋರಿಸಬಹುದು. 2015ರಲ್ಲಿ ಜಾವಾಸ್ಕ್ರಿಪ್ಟ್‌ಗೆ ಸೇರಿದ 'ಪ್ರಾಮಿಸ್' ಎಂಬ ಏರ್ಪಾಟು ಗೆಲುವಿಗೂ ಸೋಲಿಗೂ ಬೇರೆ ಬೇರೆ ಮರುಕರೆ ಬರೆಯುವುದನ್ನು ಇನ್ನಷ್ಟು ಸುಲಭಗೊಳಿಸಿತು. ಅಂದರೆ ಉಪಕರಣಕ್ಕೆ ಕೊರತೆಯಿಲ್ಲ. ಕಾಯುತ್ತಿರುವವರು ಯಾರೆಂಬ ನೆನಪಿಗೆ ಕೊರತೆ. ಬೆಂಗಳೂರಿನ ವೇಗದ ಸಂಪರ್ಕದಲ್ಲಿ ಪರೀಕ್ಷಿಸಿದ ಪುಟವನ್ನು ತೆರೆಯುವವರು ಪಿರಿಯಾಪಟ್ಟಣದ ಹಳ್ಳಿಗಳಲ್ಲೂ ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲೂ ಇದ್ದಾರೆ.

ಸಲಾಮಿಗೆ ಜವಾಬು ಕೊಡುವುದು ನಮ್ಮಲ್ಲಿ ಕರ್ತವ್ಯ. ಒಳ್ಳೆಯ ಸುದ್ದಿ ಇಲ್ಲದಿದ್ದರೂ ಜವಾಬು ಕೊಡಲೇಬೇಕು. ಸಾರ್ವಜನಿಕರಿಗಾಗಿ ಪುಟ ಬರೆಯುವ ನಮ್ಮ ಮಕ್ಕಳು, ಅವರು ಯಾವ ಧರ್ಮದವರೇ ಇರಲಿ, ಇಷ್ಟನ್ನು ನೆನಪಿಟ್ಟರೆ ಸಾಕು. ಆ ದಿನ ವೃದ್ಧೆ ಆಧಾರ್ ಕಾರ್ಡನ್ನು ಸೆರಗಿಗೆ ಕಟ್ಟಿಕೊಂಡು, "ನಾಳೆ ಬರ್ತೀನಿ ಬೇಟಾ" ಎಂದು ಎದ್ದರು. ಪಟ್ಟಿ ಆಗಲೂ ಖಾಲಿಯಾಗಿಯೇ ಇತ್ತು.