ರೈಸ್: ಒಂದು ಮನೆತನದ ಹೆಸರಿನ ಮೂಲ ಮತ್ತು ಪ್ರಸಾರ

ಕನ್ನಡ ಶಾಸನಾಧ್ಯಯನಕ್ಕೆ ಭದ್ರವಾದ ತಳಹದಿ ಹಾಕಿದ ಬಿ.ಎಲ್. ರೈಸ್ (1837–1927) ಹಾಗೂ ಕನ್ನಡ ಸಾಹಿತ್ಯದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದ ಅವರ ಸಹೋದರ ಇ.ಪಿ. ರೈಸ್ ನಮ್ಮ ವಿದ್ವಲ್ಲೋಕಕ್ಕೆ ಚಿರಪರಿಚಿತರು. ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಪಾದ್ರಿಯಾಗಿದ್ದ ಬೆಂಜಮಿನ್ ರೈಸ್ ಇವರ ತಂದೆ. ಇವರು ಧರಿಸಿದ್ದ ಮನೆತನದ ಹೆಸರಿಗೂ ಅಕ್ಕಿಯನ್ನು ಸೂಚಿಸುವ ಇಂಗ್ಲಿಷ್ ಪದಕ್ಕೂ ರೂಪಸಾಮ್ಯವಿದೆಯೇ ಹೊರತು ಸಂಬಂಧವಿಲ್ಲ. ಇಂಗ್ಲಿಷಿನದಾಗಿ ತೋರುವ ಈ ಹೆಸರಿನ ಮುಖ್ಯ ಮೂಲ ವೇಲ್ಸ್ ಭಾಷೆಯಲ್ಲಿದೆ.

‘ರೀಸ್’ ಎಂಬುದು ವೇಲ್ಸ್ ದೇಶದ ಪ್ರಾಚೀನ ವ್ಯಕ್ತಿನಾಮ. 1197ರಲ್ಲಿ ಮರಣ ಹೊಂದಿದ, ದಕ್ಷಿಣ ವೇಲ್ಸಿನ ಪ್ರಬಲ ಒಡೆಯ ರೀಸ್ ಆಪ್ ಗ್ರಿಫಿದ್‌ನ ಹೆಸರು ಇದೇ. ‘ಆಪ್’ ಎಂದರೆ ಮಗ. ಪ್ರತಿ ತಲೆಮಾರಿಗೂ ತಂದೆಯ ಹೆಸರು ಬದಲಾಗುತ್ತಿದ್ದುದರಿಂದ ಅಲ್ಲಿ ಸ್ಥಿರವಾದ ಕುಲನಾಮದ ರೂಢಿ ಇರಲಿಲ್ಲ. 1536 ಮತ್ತು 1543ರ ಶಾಸನಗಳಿಂದ ವೇಲ್ಸ್ ಇಂಗ್ಲಿಷ್ ಕಾನೂನಿನ ಆಡಳಿತಕ್ಕೆ ಸೇರಿದ ಮೇಲೆ ಸ್ಥಿರ ಕುಲನಾಮಗಳು ಕ್ರಮೇಣ ಹರಡಿದವು. ‘ಆಪ್ ರೀಸ್’ ಸಂಕ್ಷೇಪಗೊಂಡು ‘ಪ್ರೈಸ್’ ಆಯಿತು. ಬಿಡಿ ಹೆಸರು ‘ರೀಸ್’, ‘ರೈಸ್’ ಎಂಬ ಎರಡು ರೂಪಗಳಲ್ಲಿ ನಿಂತಿತು. ಇಂಗ್ಲಿಷಿನಲ್ಲಿ ದೀರ್ಘ ‘ಈ’ಕಾರವು ‘ಐ’ಕಾರವಾದ ಧ್ವನಿಪರಿವರ್ತನೆಯೇ ಎರಡನೆಯ ರೂಪಕ್ಕೆ ಕಾರಣ. ಡಿನೆವರ್ ಬ್ಯಾರನ್ನರ ವಂಶವು ದೀರ್ಘಕಾಲ ‘ರೈಸ್’ ಎಂದು ಬರೆದುಕೊಂಡು, 1916ರಲ್ಲಿ ಮೂಲ ವೇಲ್ಸ್ ರೂಪಕ್ಕೆ ಮರಳಿದ್ದು ಗಮನಾರ್ಹ.

ಆದರೆ ಎಲ್ಲ ರೈಸರೂ ವೇಲ್ಸ್ ಮೂಲದವರಲ್ಲ. ಐರ್ಲೆಂಡಿನ ಉತ್ತರ ಭಾಗದಲ್ಲಿ ಗೇಲಿಕ್ ಮನೆತನವೊಂದರ ಹೆಸರು ಇಂಗ್ಲಿಷಿಗೆ ಬರುವಾಗ ಈ ರೂಪವನ್ನು ತಳೆಯಿತು. ಅಮೆರಿಕದಲ್ಲಿ ಜರ್ಮನ್ ‘ರೈಸ್’ ಮನೆತನಗಳು ತಮ್ಮ ಹೆಸರನ್ನು ಇಂಗ್ಲಿಷ್ ಕಾಗುಣಿತಕ್ಕೆ ಹೊಂದಿಸಿಕೊಂಡವು. 1638ರ ಸುಮಾರಿಗೆ ಇಂಗ್ಲೆಂಡಿನಿಂದ ಮ್ಯಾಸಚೂಸೆಟ್ಸಿಗೆ ವಲಸೆ ಹೋದ ಎಡ್ಮಂಡ್ ರೈಸನ ಸಂತತಿ ಬಹಳವಾಗಿ ವಿಸ್ತರಿಸಿತು. ಅಲ್ಲಿಯ ಗುಲಾಮರಲ್ಲಿ ಅನೇಕರಿಗೆ ಒಡೆಯರ ಕುಲನಾಮಗಳೇ ಉಳಿದುಬಂದ ಕಾರಣ, ಇಂತಹ ಹೆಸರುಗಳು ಆಫ್ರಿಕನ್ ಅಮೆರಿಕನ್ನರಲ್ಲೂ ವ್ಯಾಪಕವಾಗಿವೆ. ಇಂದು ‘ರೈಸ್’ ಎಂಬ ಹೆಸರಿನವರು ಅತ್ಯಧಿಕವಾಗಿರುವುದು ಅಮೆರಿಕದಲ್ಲಿಯೇ. ವೇಲ್ಸಿನಲ್ಲಾದರೋ ‘ರೀಸ್’, ‘ಪ್ರೈಸ್’ ರೂಪಗಳೇ ಪ್ರಚುರ.

ಒಂದೇ ಕಾಗುಣಿತದೊಳಗೆ ಹೀಗೆ ಹಲವು ಭಾಷೆ, ಹಲವು ವಂಶ, ಹಲವು ಚರಿತ್ರೆಗಳು ಅಡಗಿವೆ. ವ್ಯುತ್ಪತ್ತಿಯು ಹೆಸರಿನ ಮೂಲವನ್ನು ತಿಳಿಸಬಲ್ಲುದು. ಅದನ್ನು ಧರಿಸಿದ ವ್ಯಕ್ತಿಯ ಮೂಲವನ್ನಲ್ಲ. ಬಿ.ಎಲ್. ರೈಸರ ಪೂರ್ವಜರು ವೇಲ್ಸಿನವರೆಂದು ಈ ಹೆಸರೊಂದರಿಂದಲೇ ನಿರ್ಣಯಿಸುವುದು ಯುಕ್ತವಲ್ಲ.

ಹೊರನಾಡ ಕನ್ನಡಿಗರನ್ನು ಕುರಿತ ಸಂಶೋಧನೆಗೂ ಈ ವಿವೇಕ ಅಗತ್ಯ. ಕುಲಕರ್ಣಿ, ದೇಶಪಾಂಡೆ, ಪಾಟೀಲ ಎಂಬವು ಮೂಲತಃ ಅಧಿಕಾರಸೂಚಕ ಪದಗಳು. ಕನ್ನಡಿಗರಿಗೂ ಮರಾಠಿಗರಿಗೂ ಸಮಾನವಾದವು. ಪುಣೆ, ಮುಂಬಯಿಗಳ ಮತದಾರರ ಪಟ್ಟಿಯಲ್ಲಿ ಈ ಹೆಸರುಗಳನ್ನು ಎಣಿಸಿ ಕನ್ನಡಿಗರ ಸಂಖ್ಯೆಯನ್ನು ಊಹಿಸಿದರೆ ಫಲಿತಾಂಶ ದೋಷಯುಕ್ತವಾದೀತು. ಮನೆಮಾತು, ವಲಸೆಯ ದಾಖಲೆ, ಕುಟುಂಬದ ಸ್ಮರಣೆ ಇವುಗಳ ಆಧಾರ ದೊರೆತಾಗಲೇ ಕುಲನಾಮವು ಚರಿತ್ರೆಗೆ ಸಾಕ್ಷಿಯಾಗಬಲ್ಲುದು.