ಹೆಸರಿನ ಮೊದಲು, ಹೆಸರಿನ ಕೊನೆಗೆ

ಕಾರವಾರದ ಬೈತಖೋಲ ಅರಬ್ಬಿ ಹೆಸರು ಎನ್ನುವವರಿದ್ದಾರೆ. ‘ಬೈತ್’ ಎಂದರೆ ಮನೆ. ಇರಬಹುದು. ಈ ದಂಡೆಯಲ್ಲಿ ಹಡಗಿನೊಡನೆ ಮಾತೂ ಇಳಿಯುತ್ತಿತ್ತು. ಹಾಗೆ ಬಂದು ಘಟ್ಟದ ಕಾಡು ಸೇರಿದ ಒಂದು ಮಾತು ‘ಸಿದ್ದಿ’, ಅಲ್ಲಿನ ಆಫ್ರಿಕ ಮೂಲದ ಜನರ ಹೆಸರು.

ಪತ್ರಿಕೆಯಲ್ಲಿ ಇದು ‘ಸಿದ್ಧಿ’ ಎಂದು ಅಚ್ಚಾದಾಗಲೆಲ್ಲ ನನಗೆ ನಗು. ಒಂದು ಮಹಾಪ್ರಾಣ ಕೊಟ್ಟರೆ ಸಾಕು, ಯಲ್ಲಾಪುರದ ಕಾಡಿನ ಜನ ತಪಸ್ಸಿಗೆ ಕುಳಿತುಬಿಡುತ್ತಾರೆ! ಮೂಲ ಅರಬ್ಬಿಯ ‘ಸಯ್ಯಿದಿ’ ಎನ್ನುತ್ತಾರೆ ಬಲ್ಲವರು. ಅಂದರೆ ನನ್ನ ಒಡೆಯ.

ಕಾರವಾರ ಆದಿಲಶಾಹಿಗೆ ಸೇರಿದ್ದ ಕಾಲದಲ್ಲಿ ವಿಜಾಪುರದ ದಂಡಿನಲ್ಲಿ ಆಫ್ರಿಕದಿಂದ ಗುಲಾಮರಾಗಿ ಬಂದು ಸರದಾರರಾದವರಿದ್ದರು. ‘ಹಬಶಿ’ ಅವರ ನಾಡಿನ ಗುರುತು, ‘ಸಿದ್ದಿ’ ಮರ್ಯಾದೆಯ ಮಾತು. 1660ರಲ್ಲಿ ಪನ್ಹಾಳಗಡದಲ್ಲಿ ಶಿವಾಜಿಗೆ ಮುತ್ತಿಗೆ ಹಾಕಿದವನು ಸಿದ್ದಿ ಜೌಹರ್. ಮುಂದೆ ರಾಜ್ಯದ ಸೂತ್ರ ಹಿಡಿದವನು ಸಿದ್ದಿ ಮಸೂದ್. ಆ ಕಾಲದ ಚಿತ್ರವೊಂದರಲ್ಲಿ ಸುಲ್ತಾನ ಮುಹಮ್ಮದ್ ಆದಿಲಶಹನ ಬೆನ್ನಿಗೆ ಅದೇ ಆನೆಯ ಮೇಲೆ ಕುಳಿತವನು ಕಪ್ಪು ಮೈಬಣ್ಣದ ಇಖ್ಲಾಸ್ ಖಾನ್.

ಆಫ್ರಿಕ ಮೂಲದ ಯೋಧರಿಗೆ ಇನ್ನೊಂದೆಡೆ ಬೇರೆಯೇ ಬಗೆಯ ಹೆಸರು ಬಿತ್ತು. ಅಮೆರಿಕದಲ್ಲಿ ಗುಲಾಮಗಿರಿ ರದ್ದಾದ ಮರುವರ್ಷ, 1866ರಲ್ಲಿ, ಕಪ್ಪುವರ್ಣೀಯರದೇ ಎರಡು ಕುದುರೆ ಪಡೆ ಕಟ್ಟಿದರು. ಒಂದು ಶುರುವಾದದ್ದು ಕಾನ್ಸಾಸಿನ ಫೋರ್ಟ್ ಲೆವೆನ್‌ವರ್ತ್ ಠಾಣ್ಯದಲ್ಲಿ. ಇವರು ಯಾರ ಮೇಲೆ ಕಾದಾಡಬೇಕಿತ್ತೋ ಆ ಮೂಲನಿವಾಸಿಗಳೇ ‘ಬಫಲೊ ಸೋಲ್ಜರ್ಸ್’ ಎಂದು ಹೆಸರಿಟ್ಟರೆಂದು ಪ್ರತೀತಿ. ಗುಂಗುರು ಕೂದಲು ಕಾಡೆಮ್ಮೆಯದರ ಹಾಗೆ ಕಂಡಿತಂತೆ. ಅಲ್ಲಿ ಸವಾರನಿಗೆ ಮೃಗದ ಹೆಸರು, ಇಲ್ಲಿ ಗುಲಾಮನಾಗಿ ಬಂದವನಿಗೆ ಒಡೆಯನ ಹೆಸರು. ಇದನ್ನು ನಮ್ಮ ದೊಡ್ಡತನ ಎನ್ನಲು ಮಾತ್ರ ನನಗೆ ಬಾಯಿ ಬಾರದು.

ಏಕೆಂದರೆ ಗೋವೆಯ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಹಳಿಯಾಳ, ಯಲ್ಲಾಪುರ, ಅಂಕೋಲೆಯ ಕಾಡು ಹೊಕ್ಕವರಿಗೂ ಇದೇ ಹೆಸರು ಅಂಟಿತು. ಕುದುರೆಯಿಲ್ಲ, ಜಹಗೀರಿಲ್ಲ, ಇನ್ನೊಬ್ಬರ ತೋಟದಲ್ಲಿ ಕೂಲಿ. ಕೊಂಕಣಿ ಬೆರೆತ ಮಾತು, ದಮಾಮಿಯ ಬಡಿತ, ಹಳೆ ಸೀರೆಯ ತುಂಡು ಜೋಡಿಸಿ ಹೊಲಿದ ಕೌದಿ. ದೇವರು ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಬೇರೆಯಾದರೂ ‘ಸಿದ್ದಿ’ ಬಿಡಲಿಲ್ಲ. ಜಾಗ ಮಾತ್ರ ಬದಲಾಯಿತು: ಜೌಹರ್, ಮಸೂದರಿಗೆ ಹೆಸರಿನ ಮೊದಲು ನಿಂತಿದ್ದ ಬಿರುದು ಇಲ್ಲಿ ಕೊನೆಗೆ ಬಂದು ಅಡ್ಡಹೆಸರಾಯಿತು.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಮೇಲೆ ಇದು ಪ್ರಮಾಣಪತ್ರದ ಪದವೂ ಹೌದು. ಅಲ್ಲಿ ಮಹಾಪ್ರಾಣ ತಪ್ಪಿಬಿದ್ದರೆ ಯಾರೂ ನಗುವುದಿಲ್ಲ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಹೆಸರಿನ ಮೊದಲು ‘ಮಾನ್ಯ ಸದಸ್ಯರು’ ಸೇರಿತು. ಸಿದ್ದಿ ಕೊನೆಯಲ್ಲೇ ಉಳಿಯಿತು.